ಹಳೆಯ ಕೋಬಾಲ್, ಹೊಸ ಸರ್ವರ್: ಮೂರು ದಾರಿಗಳ ಹೋಲಿಕೆ

ನಮ್ಮ ಪತ್ತಿನ ಸಹಕಾರ ಸಂಘದ ಠೇವಣಿ, ಸಾಲ, ಷೇರಿನ ಲೆಕ್ಕವೆಲ್ಲ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸ್ಪಾರ್ಕ್ ಎಂಬ ಬಗೆಯ ಪ್ರೊಸೆಸರಿನ, ಸೊಲಾರಿಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಒಂದು ಯಂತ್ರದಲ್ಲಿ ನಡೆದಿತ್ತು. ಪ್ರೋಗ್ರಾಮುಗಳೆಲ್ಲ ಕೋಬಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯವು. ಬಿಡಿಭಾಗ ಸಿಗುವುದು ನಿಂತಾಗ ಸಾಮಾನ್ಯ ಎಕ್ಸ್86 ಪ್ರೊಸೆಸರಿನ ಸರ್ವರ್ ಮತ್ತು ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್‌ಗೆ ಹೋಗುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ದಾರಿ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ಯಂತ್ರವನ್ನೇ ಅನುಕರಿಸುವ ಎಮ್ಯುಲೇಟರ್, ಅದೇ ಕೋಬಾಲನ್ನು ಗ್ನೂಕೋಬಾಲ್ ಎಂಬ ತಂತ್ರಾಂಶದಲ್ಲಿ ಮತ್ತೆ ಕಂಪೈಲ್ ಮಾಡುವುದು (ಹೊಸ ಯಂತ್ರದ ಭಾಷೆಗೆ ತಿರುಗಿಸುವುದು), ಎಲ್ಲವನ್ನೂ ಜಾವಾ ಭಾಷೆಯಲ್ಲಿ ಹೊಸದಾಗಿ ಬರೆಯುವುದು: ಮೂರನ್ನೂ ಮಾಡಿ ನೋಡಿದೆ. ಒರೆಗಲ್ಲು ಒಂದೇ. ಮಾರ್ಚ್ ತಿಂಗಳ ಬಡ್ಡಿಯನ್ನು ಹೊಸ ಸರ್ವರಿನಲ್ಲಿ ಲೆಕ್ಕ ಹಾಕಿಸಿ, ಹಳೆಯ ಪಟ್ಟಿಯೊಡನೆ ಪೈಸೆಗೆ ಪೈಸೆ ತಾಳೆ ನೋಡುವುದು.

ಎಮ್ಯುಲೇಟರ್ ಬೇಗ ಮುಗಿಯಿತು. ಡಿಸ್ಕಿನ ಪೂರ್ತಿ ಪ್ರತಿ ತೆಗೆದು ಏರಿಸಿದರೆ ಹಳೆಯ ಪರದೆ ಹಾಗೆಯೇ ತೆರೆದುಕೊಳ್ಳುತ್ತದೆ, ಬಡ್ಡಿಯೂ ತಪ್ಪದೆ ಹೊಂದುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಆ ಕಾಲದ ಸ್ಪಾರ್ಕ್ ಯಂತ್ರಗಳ ಗುರುತಿನ ಸಂಖ್ಯೆ ಬ್ಯಾಟರಿಯುಳ್ಳ ಸಣ್ಣ ಚಿಪ್ಪಿನಲ್ಲಿರುತ್ತಿತ್ತು, ಅನೇಕ ತಂತ್ರಾಂಶಗಳ ಪರವಾನಗಿ ಆ ಸಂಖ್ಯೆಗೇ ಅಂಟಿಕೊಂಡಿರುತ್ತಿತ್ತು. ಬ್ಯಾಟರಿ ಮುಗಿಯುವ ಮೊದಲೇ ಅದನ್ನು ಬರೆದಿಟ್ಟುಕೊಳ್ಳಿ. ಆದರೆ ಈ ದಾರಿಯಲ್ಲಿ ಬದಲಾಗುವುದು ಪೆಟ್ಟಿಗೆ ಮಾತ್ರ. ಒಳಗೆ ಅದೇ ಹಳೆಯ ಸೊಲಾರಿಸ್, ಭದ್ರತೆಯ ಪರಿಷ್ಕರಣೆ ಕಾಣದ ಅದೇ ವ್ಯವಸ್ಥೆ. ಸದಸ್ಯರ ಹಣವನ್ನು ಅದರ ಮೇಲೆ ಇನ್ನೂ ಹತ್ತು ವರ್ಷ ಇಡಲು ನನಗೆ ಮನಸ್ಸು ಬರಲಿಲ್ಲ.

ಗ್ನೂಕೋಬಾಲ್ ಕೋಬಾಲ್ ಸಾಲುಗಳನ್ನು ಮೊದಲು ಸಿ ಭಾಷೆಗೆ ತಿರುಗಿಸಿ ಆಮೇಲೆ ಕಂಪೈಲ್ ಮಾಡುತ್ತದೆ. ಪ್ರೋಗ್ರಾಮುಗಳು ನಾನು ಅಂಜಿದಷ್ಟು ಕಾಡಲಿಲ್ಲ. ಕಾಡಿದ್ದು ದತ್ತಾಂಶ. ದಾಖಲೆಗಳನ್ನು ಬೇಗ ಹುಡುಕಲು ಸೂಚಿ ಇರುವ ಹಳೆಯ ಇಂಡೆಕ್ಸ್ ಫೈಲುಗಳನ್ನು ಅದು ನೇರವಾಗಿ ಓದಲಿಲ್ಲ. ಆದ್ದರಿಂದ ಹಳೆಯ ಯಂತ್ರದಲ್ಲೇ ಅವನ್ನು ಸಾಲುಸಾಲಾಗಿ ಇಳಿಸಿ, ಇಲ್ಲಿ ಮತ್ತೆ ತುಂಬಬೇಕಾಯಿತು. ತುಂಬಿದ ಮೇಲೆ 1ನೇ ಸಂಖ್ಯೆಯ ಸದಸ್ಯರು 1,67,77,216 ಆಗಿ ಕಾಣಿಸಿದರು! ಸ್ಪಾರ್ಕ್ ನಾಲ್ಕು ಬೈಟಿನ ಸಂಖ್ಯೆಯ ಹೆಚ್ಚು ಬೆಲೆಯ ಬೈಟನ್ನು ಮೊದಲು ಇಡುತ್ತದೆ, ಎಕ್ಸ್86 ಕಡಿಮೆ ಬೆಲೆಯದನ್ನು ಮೊದಲು ಇಡುತ್ತದೆ. ಯಂತ್ರದ ಸ್ವಂತ ಕ್ರಮದಲ್ಲಿ ಬರೆಯುವ ಕಾಂಪ್-5 ಅಂಕಣಗಳನ್ನೆಲ್ಲ ಹುಡುಕಿ ತಿರುಗಿಸಬೇಕಾಯಿತು. ಒಂದು ಬೈಟಿನಲ್ಲಿ ಎರಡು ಅಂಕಿ ಹಿಡಿಸುವ ಕಾಂಪ್-3 ಅಂಕಣಗಳಿಗೆ ಈ ತೊಂದರೆ ಇಲ್ಲ, ಹಣದ ಮೊತ್ತವೆಲ್ಲ ಅವುಗಳಲ್ಲೇ ಇದ್ದದ್ದು ನಮ್ಮ ಪುಣ್ಯ.

ಹೆಸರುಗಳದು ಬೇರೆಯೇ ಕಥೆ. ನಮ್ಮಲ್ಲಿ ಅವು ಭಾರತೀಯ ಲಿಪಿಗಳ ಹಳೆಯ ಇಸ್ಕಿ ಸಂಕೇತದಲ್ಲಿದ್ದವು, ಅಕ್ಷರಕ್ಕೋ ಚಿಹ್ನೆಗೋ ಒಂದೊಂದು ಬೈಟ್. ಈಗ ಎಲ್ಲೆಡೆ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ಮೂವತ್ತು ಬೈಟಿನ ಅಂಕಣದಲ್ಲಿ ಆರಾಮವಾಗಿ ಕುಳಿತಿದ್ದ ಮಲ್ಲಿಕಾರ್ಜುನಯ್ಯ ‘ಮಲ್ಲಿಕಾರ್ಜ’ ಎಂದು ತುಂಡಾದರು. ಪಾಸ್‌ಬುಕ್ಕಿನಲ್ಲಿ ತಮ್ಮ ಹೆಸರು ಅರ್ಧವಾಗಿರುವುದನ್ನು ಯಾವ ಸದಸ್ಯರೂ ನೋಡಬಾರದು. ಅಂಕಣವನ್ನು ತೊಂಬತ್ತಕ್ಕೆ ಹಿಗ್ಗಿಸಿದೆ. ಅದರ ಹಿಂದೆಯೇ ಆ ದಾಖಲೆ ಓದುವ ಪ್ರತಿ ಪ್ರೋಗ್ರಾಮನ್ನೂ, ಪ್ರತಿ ಮುದ್ರಣ ನಮೂನೆಯನ್ನೂ ತಿದ್ದಬೇಕಾಯಿತು. ಇಡೀ ಕೆಲಸದಲ್ಲಿ ಹೆಚ್ಚು ದಿನ ತಿಂದದ್ದು ಇದೇ, ಹಾಗೆ ಕಳೆದ ದಿನಗಳ ಬಗ್ಗೆ ನನಗೆ ಬೇಸರವಿಲ್ಲ.

ಜಾವಾ ರೂಪ ನೋಡಲು ಚೆನ್ನ, ಹುಡುಕಾಟ ಸಲೀಸು, ಹೊಸ ಹುಡುಗರಿಗೂ ಅರ್ಥವಾಗುತ್ತದೆ. ಆದರೆ ಒರೆಗೆ ಹಚ್ಚಿದಾಗ ಸೋತಿತು. ಹತ್ತು ಸಾವಿರ ರೂಪಾಯಿಗೆ ಶೇಕಡಾ 8ರಂತೆ ಒಂದು ತಿಂಗಳ ಬಡ್ಡಿ 66.67 ಎಂದು ಅದು ಹೇಳಿದರೆ, ಹಳೆಯ ಪಟ್ಟಿಯಲ್ಲಿ 66.66 ಇತ್ತು. ರೌಂಡೆಡ್ (ಹತ್ತಿರದ ಅಂಕಿಗೆ ಸರಿಹೊಂದಿಸು) ಎಂದು ಬರೆಯದಿದ್ದರೆ ಕೋಬಾಲ್ ಉಳಿದ ಅಂಕಿಗಳನ್ನು ಕತ್ತರಿಸಿಬಿಡುತ್ತದೆ. ಹಳೆಯ ಪ್ರೋಗ್ರಾಮಿನಲ್ಲಿ ಕೆಲವು ಕಡೆ ಆ ಪದವಿದೆ, ಕೆಲವು ಕಡೆ ಇಲ್ಲ. ಯಾವುದು ಬೇಕೆಂದು ಮಾಡಿದ್ದು, ಯಾವುದು ಮರೆತದ್ದು ಎಂದು ಹೇಳಬಲ್ಲವರು ನಿವೃತ್ತರಾಗಿದ್ದಾರೆ. ಕತ್ತರಿಸುವುದು ಸರಿಯೇ ಎಂಬುದನ್ನು ಆಡಳಿತ ಮಂಡಳಿ ಚರ್ಚಿಸಲಿ, ಠರಾವು ಮಾಡಲಿ. ಸರ್ವರ್ ಬದಲಿಸುವ ನೆಪದಲ್ಲಿ ಸದಸ್ಯರ ಬಡ್ಡಿಯ ನಿಯಮ ಯಾರಿಗೂ ತಿಳಿಯದಂತೆ ಬದಲಾಗುವುದನ್ನು ನಾನು ಒಪ್ಪಲಾರೆ.

ನಾನು ಆರಿಸಿದ್ದು ಗ್ನೂಕೋಬಾಲ್. ಮೂರು ತಿಂಗಳು ಹಳೆಯದನ್ನೂ ಹೊಸದನ್ನೂ ಜೊತೆಜೊತೆಗೆ ನಡೆಸಿ, ಪ್ರತಿದಿನ ಸಂಜೆ ಎರಡು ಪಟ್ಟಿಗಳನ್ನು ತಾಳೆ ನೋಡಿದ ಮೇಲೆಯೇ ಹಳೆಯ ಯಂತ್ರವನ್ನು ನಿಲ್ಲಿಸಿದೆವು. ಕೋಬಾಲ್ ಬಲ್ಲವರು ಸಿಗುವುದು ಕಷ್ಟ, ಆದ್ದರಿಂದ ಕಚೇರಿಯ ಇಬ್ಬರು ಕಿರಿಯರಿಗೆ ಈಗ ನಾನೇ ಕಲಿಸುತ್ತಿದ್ದೇನೆ. ಎಮ್ಯುಲೇಟರನ್ನೂ ಎಸೆದಿಲ್ಲ. ಸಂಘದ ಜಾಲದಿಂದ ಬಿಡಿಸಿದ ಒಂದು ಕಂಪ್ಯೂಟರಿನಲ್ಲಿ ಅದು ಇದೆ. ಲೆಕ್ಕಪರಿಶೋಧಕರು ಹಿಂದಿನ ವರ್ಷಗಳ ಲೆಡ್ಜರ್ ಕೇಳಿದಾಗ ಅಲ್ಲಿಯೇ ತೆರೆದು ತೋರಿಸುತ್ತೇವೆ.