ಹಳೆ ಲಾರಾದ ಬ್ರೇಕ್ ಪ್ಯಾಡ್ ಲೈಟ್, ಮತ್ತೆ ಮಂಗಳೂರಿನ ಕೊಟ್ಟಾರ ಚೌಕಿ ಹತ್ರದ ವೈರಿಂಗ್ ಅಂಗಡಿ

ನನ್ನದು 2009ರ ಸ್ಕೋಡಾ ಲಾರಾ, ಡೀಸೆಲ್, ಸೆಕೆಂಡ್ ಹ್ಯಾಂಡ್ ತೆಗೊಂಡದ್ದು. ಈ ಸಲ ಮಳೆ ಶುರುವಾಗಿ ಒಂದು ವಾರ ಆಗಿರ್ಬೇಕು, ಬೆಳಿಗ್ಗೆ ಸುರತ್ಕಲ್‌ನಿಂದ ಆಫೀಸಿಗೆ ಬರುವಾಗ ಕುಲೂರು ಸೇತುವೆ ಹತ್ರ ಮೀಟರಲ್ಲಿ ಹಳದಿ ಲೈಟ್ ಬಂತು, ಒಂದು ವೃತ್ತ, ಅದರ ಎರಡೂ ಬದಿ ತುಂಡು ತುಂಡು ಗೆರೆ, ಜೊತೆಗೆ ಬೀಪ್. ಬ್ರೇಕ್ ಪ್ಯಾಡ್ ಸವೆದಿದೆ ಅಂತ ಅದರ ಅರ್ಥ. ಕೊಟ್ಟಾರ ಚೌಕಿ ಬರುವಷ್ಟರಲ್ಲಿ ಅದೇ ಹೋಯ್ತು, ಸಂಜೆ ಮಳೆಯಲ್ಲಿ ವಾಪಸ್ ಹೋಗುವಾಗ ಮತ್ತೆ ಬಂತು, ಮೂರನೇ ದಿನಕ್ಕೆ ಪರ್ಮನೆಂಟ್ ಕೂತುಬಿಟ್ಟಿತು.

ಮೊದ್ಲು ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ತೋರಿಸಿದೆ, ಯಾವುದು ಅಂತ ಹೇಳೋದು ಬೇಡ. ಅವ್ರು ಕಂಪ್ಯೂಟರ್ ಹಾಕಿ ನೋಡಿ, ಮುಂದಿನ ಪ್ಯಾಡ್, ಡಿಸ್ಕ್, ಅದರ ವೈರಿಂಗ್ ಸೆಟ್ ಎಲ್ಲ ಹೊಸದು ಹಾಕ್ಬೇಕು, ಒಟ್ಟು 28 ಸಾವಿರ ಆಗ್ತದೆ ಅಂತ ಕಾಗದ ಕೊಟ್ರು. ಪ್ಯಾಡ್ ಎಷ್ಟು ಉಳಿದಿದೆ ಅಂತ ಕೇಳಿದ್ರೆ ಉತ್ತರ ಇಲ್ಲ, ಯಾಕಂದ್ರೆ ಚಕ್ರವೇ ಬಿಚ್ಚಿರ್ಲಿಲ್ಲ. ಮತ್ತೊಂದು ಕಡೆ ಕೇಳಿದೆ, ಅಲ್ಲಿ, ಸರ್ ಪ್ಯಾಡ್ ಸೆನ್ಸರಿನ ಎರಡು ವೈರ್ ಸೇರಿಸಿ ಲೂಪ್ ಮಾಡಿ ಕೊಡ್ತೇವೆ, 300 ರೂಪಾಯಿ ಕೊಡಿ ಸಾಕು, ಇನ್ನು ಲೈಟ್ ಬರುದಿಲ್ಲ ಅಂದ್ರು. 28 ಸಾವಿರಕ್ಕಿಂತ ಆ 300 ರೂಪಾಯಿಯ ಮಾತೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು.

ಆಫೀಸಿನ ಒಬ್ಬರು ಕಳಿಸಿದ್ದು ಈ ಅಂಗಡಿಗೆ. ಕೊಟ್ಟಾರ ಚೌಕಿಯಿಂದ ಒಳಗಿನ ರಸ್ತೆಯಲ್ಲಿ, ಎರಡು ಶಟರ್, ಎದುರಲ್ಲಿ ಒಂದು ಹಲಸಿನ ಮರ. ಬರೀ ಆಟೋ ಎಲೆಕ್ಟ್ರಿಕಲ್ ಕೆಲಸ, ಇಂಜಿನ್ ಮುಟ್ಟುದಿಲ್ಲ. ನಡೆಸುವವರಿಗೆ ಐವತ್ತು ದಾಟಿರ್ಬಹುದು, ಎಲ್ರೂ ಅಣ್ಣ ಅಂತಾರೆ, ನಾನೂ ಹಾಗೇ ಕರೆದೆ. ಜೊತೆಗೆ ಇಬ್ರು ಹುಡುಗರು.

ಅಣ್ಣ ಮೊದ್ಲು ಕೇಳಿದ್ದು, "ಲೈಟ್ ಯಾವಾಗ ಬಂದದ್ದು, ಮಳೆ ಬಂದ ಮೇಲಾ ಮೊದಲಾ?" ನಾನು ಹೇಳಿದ್ದನ್ನು ಪೂರ್ತಿ ಕೇಳಿಸ್ಕೊಂಡು, ಜಾಕಿ ಹಾಕಿ, ಎಡಗಡೆ ಮುಂದಿನ ಚಕ್ರ ಬಿಚ್ಚಿದ್ರು. ಪ್ಯಾಡ್ ಅಳತೆ ಹಿಡಿದು ನನ್ನನ್ನು ಹತ್ರ ಕರೆದು ತೋರಿಸಿದ್ರು, ಒಳಗಿನದ್ದು, ಹೊರಗಿನದ್ದು ಎರಡೂ 6 ಎಂಎಂ ಉಂಟು. 3 ಎಂಎಂಗೆ ಬಂದಾಗ ಬದಲಾಯಿಸಿದ್ರೆ ಸಾಕು. "ಪ್ಯಾಡಿಗೆ ದಾಲ ಇಜ್ಜಿ (ಏನೂ ಆಗಿಲ್ಲ), ವೈರಲ್ಲಿ ಉಂಟು ತೊಂದರೆ."

ಇಲ್ಲಿ ಪ್ಯಾಡ್ ಸವೆದದ್ದು ತಿಳಿಸುವ ಈ ಸೆನ್ಸರ್ ಹೇಗೆ ಕೆಲಸ ಮಾಡ್ತದೆ ಅಂತ ಸ್ವಲ್ಪ ಬರೀತೇನೆ, ಯಾಕಂದ್ರೆ ಹಳೆ ಗಾಡಿ ಇಟ್ಟುಕೊಂಡವರು ದುಡ್ಡು ಕಳ್ಕೊಳ್ಳೋದು ಇಲ್ಲೇ. ನಮ್ಮ ಲಾರಾದಲ್ಲಿ ಎಡ ಮುಂದಿನ ಪ್ಯಾಡಿನ ಒಳಗೆ ಒಂದು ಸಣ್ಣ ವೈರ್ ಸುತ್ತಿ ಬರ್ತದೆ, ಮೀಟರಿಂದ ಹೋದ ಕರೆಂಟ್ ಆ ಸುತ್ತು ಹಾಕಿ ವಾಪಸ್ ಬರ್ತಾ ಇರ್ತದೆ, ಪ್ಯಾಡ್ ಸವೆದು ಸವೆದು ಡಿಸ್ಕ್ ಆ ವೈರನ್ನೇ ಉಜ್ಜಿ ತುಂಡು ಮಾಡಿದಾಗ ಸುತ್ತು ಕಡಿದು ಲೈಟ್ ಬರ್ತದೆ. ಅಂದ್ರೆ ಪ್ಯಾಡ್ ಸವೆದ್ರೂ ಲೈಟ್, ದಾರಿಯಲ್ಲಿ ಎಲ್ಲಿ ವೈರ್ ಕಡಿದ್ರೂ ಅದೇ ಲೈಟ್, ಮೀಟರಿಗೆ ವ್ಯತ್ಯಾಸ ಗೊತ್ತಾಗುದಿಲ್ಲ. ಅದಕ್ಕೇ ಚಕ್ರ ಬಿಚ್ಚಿ ಕಣ್ಣಲ್ಲಿ ನೋಡದೆ ಯಾರೂ ಏನೂ ಹೇಳ್ಲಿಕ್ಕೆ ಆಗುದಿಲ್ಲ. ಎಲ್ಲ ಗಾಡಿಗೂ ಇದೇ ಲೆಕ್ಕ ಅಂತ ತಿಳ್ಕೊಳ್ಬೇಡಿ. ಅವತ್ತು ಅಂಗಡಿಯಲ್ಲಿ ಒಂದು ಹಳೆ ಬೆಂಜ್ ನಿಂತಿತ್ತು, 1995ರಲ್ಲಿ ಪುಣೆಯಲ್ಲಿ ತಯಾರಿ ಶುರುವಾದ ಡಬ್ಲ್ಯೂ124 ಮಾಡೆಲ್, ಅದ್ರಲ್ಲಿ ತದ್ವಿರುದ್ಧ, ಪ್ಯಾಡಲ್ಲಿ ಇರುವ ಒಂದೇ ವೈರಿನ ತುದಿ ಡಿಸ್ಕಿಗೆ ತಾಗಿ ಅರ್ಥಿಂಗ್ ಆದಾಗ ಲೈಟ್ ಬರ್ತದೆ. ಹಾಗಾಗಿ ಅದ್ರಲ್ಲಿ ವೈರ್ ಕಡಿದು ಹೋದ್ರೆ ಲೈಟ್ ಬರುವುದೇ ಇಲ್ಲ, ಅದು ಇನ್ನೂ ಅಪಾಯ. ಬಿಎಂಡಬ್ಲ್ಯೂ ಇ90ಯಲ್ಲಿ ಸೆನ್ಸರ್ ಬೇರೆ ಪೀಸ್, ಎಡ ಮುಂದೆ ಒಂದು, ಬಲ ಹಿಂದೆ ಒಂದು, ಅದನ್ನು ಮಾತ್ರ ತಂದು ಹಾಕ್ಬಹುದು. ನಮ್ಮ ಸಣ್ಣ ಗಾಡಿಗಳಲ್ಲಿ ಹೆಚ್ಚಾಗಿ ವೈರೇ ಇಲ್ಲ, ಪ್ಯಾಡಿಗೆ ಒಂದು ತಗಡಿನ ನಾಲಿಗೆ ಇರ್ತದೆ, ಅದು ಡಿಸ್ಕಿಗೆ ತಾಗಿ ಕೀಂಯ್ ಅಂತದೆ.

ಮುಂದೆ ನಡೆದದ್ದು ನನ್ನ ಕಣ್ಣೆದುರೇ. ಅಣ್ಣ ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಬಿಚ್ಚಿ ವೈರ್ ಹಿಡಿದು ಬಂದ್ರೆ, ಶಾಕ್ ಅಬ್ಸಾರ್ಬರ್ ಹತ್ರ ಕಪ್ಲರ್ (ವೈರ್ ಸಿಕ್ಕಿಸುವ ಪ್ಲಗ್) ಇರ್ಬೇಕಾದ ಜಾಗದಲ್ಲಿ ಕಪ್ಲರೇ ಇಲ್ಲ. ಎರಡು ವೈರ್ ಕಟ್ ಮಾಡಿ, ಕೈಯಲ್ಲಿ ತಿರುಚಿ, ಕಪ್ಪು ಟೇಪ್ ಸುತ್ತಿ ಬಿಟ್ಟಿದ್ರು. ಎರಡು ವರ್ಷದ ಹಿಂದೆ ಒಂದು ಗ್ಯಾರೇಜಲ್ಲಿ ಪ್ಯಾಡ್ ಹಾಕಿಸಿದ್ದೆ, ಸೆನ್ಸರ್ ಇಲ್ಲದ ಪ್ಯಾಡ್ ಹಾಕಿ, ಲೈಟ್ ಬರಬಾರ್ದು ಅಂತ ಲೂಪ್ ಮಾಡಿ ಕೊಟ್ಟಿದ್ದಾರೆ, ನನಗೆ ಒಂದು ಮಾತು ಹೇಳಿಲ್ಲ. ಅಣ್ಣ ಟೇಪ್ ಬಿಚ್ಚಿದಾಗ ಒಳಗಿಂದ ನೀರು ಇಳೀತು. ತಾಮ್ರದ ಎಳೆಗಳೆಲ್ಲ ಹಸಿರು ಕಿಲುಬು, ಬೆರಳಲ್ಲಿ ಮುಟ್ಟಿದ್ದೇ ಪುಡಿ ಪುಡಿ ಆಗಿ ಬಿತ್ತು.

ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಹೆಂಡತಿ ಮನೆ ಸಕಲೇಶಪುರ, ತಿಂಗಳಿಗೊಮ್ಮೆಯಾದ್ರೂ ಹೋಗ್ತೇವೆ, ರಾತ್ರಿ ಮಕ್ಕಳು ಹಿಂದಿನ ಸೀಟಲ್ಲಿ ಮಲಗಿರ್ತಾರೆ, ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ಬ್ರೇಕ್ ಹಿಡಿದೇ ಇಳಿಯೋದು. ಎರಡು ವರ್ಷ ಹಾಗೆ ಇಳಿದಿದ್ದೇವೆ, ಪ್ಯಾಡ್ ಪೂರ್ತಿ ಸವೆದಿದ್ರೂ ಆ ಲೈಟ್ ಬರ್ತಿರ್ಲಿಲ್ಲ. ಈಗ ಬಂದದ್ದೂ ಟೇಪಿನ ಒಳಗೆ ನೀರು ಹೋಯ್ತು ಅಂತ ಮಾತ್ರ. ಲೈಟ್ ಇಲ್ಲ ಅಂದ್ರೆ ಬ್ರೇಕ್ ಸರಿ ಉಂಟು ಅಂತ ನಾನು ನಂಬಿದ್ದೆ.

ಲೂಪ್ ಮಾಡಿದ್ದನ್ನೇ ಚಂದ ಮಾಡಿ ಕೊಟ್ರೆ ಸಾಕಾ ಅಂತ ಅಣ್ಣ ಕೇಳಲೇ ಇಲ್ಲ. "ಪ್ಯಾಡ್ ಇನ್ನೂ ಓಡ್ತದೆ, ನೀವು ಇದರಲ್ಲೇ ಹೋಗ್ಬಹುದು, ವೈರ್ ಮತ್ತೆ ಕಪ್ಲರ್ ನಾನು ಈಗ ಸರಿ ಮಾಡ್ತೇನೆ, ಮುಂದಿನ ಸಲ ಸೆನ್ಸರ್ ಇರುವ ಪ್ಯಾಡ್ ತಂದು ಚುಚ್ಚಿದ್ರೆ ಆಯ್ತು" ಅಂದ್ರು. ಆದ್ರೆ ಘಾಟಿ ನೆನಪಾಗಿ ನನಗೆ ಮನಸ್ಸು ಒಪ್ಲಿಲ್ಲ, ಸೆನ್ಸರ್ ಇರುವ ಪ್ಯಾಡನ್ನೇ ಬೆಂಗಳೂರಿಂದ ತರಿಸ್ಲಿಕ್ಕೆ ಹೇಳಿದೆ, ಎರಡು ದಿನ ಆಯ್ತು. ಎರಡೂ ಬದಿ ಸೇರಿಸಿಯೇ ಹಾಕ್ಬೇಕು, ಒಂದೇ ಬದಿ ಹಾಕಿದ್ರೆ ಬ್ರೇಕ್ ಒಂದು ಕಡೆ ಎಳೀಬಹುದು.

ವೈರಿಂಗ್ ಕೆಲಸ ನೋಡಿ ಭಾರೀ ಸಮಾಧಾನ ಆಯ್ತು. ಕಿಲುಬು ಹಿಡಿದ ಜಾಗ ಮಾತ್ರ ಕಟ್ ಮಾಡಿ ಬಿಡ್ಲಿಲ್ಲ, ಒಂದೊಂದೇ ಇಂಚು ಸಿಪ್ಪೆ ತೆಗೆದು ನೋಡ್ತಾ ಹೋದ್ರು, ನೀರು ಎಳೆಗಳ ನಡುವೆ ಬತ್ತಿಗೆ ಎಣ್ಣೆ ಏರಿದ ಹಾಗೆ ಏರಿ ಒಳಗೆಲ್ಲ ಕಪ್ಪಾಗಿತ್ತು, ಹೊಳೆಯುವ ತಾಮ್ರ ಸಿಗ್ಲಿಕ್ಕೆ ಒಂದು ಗೇಣಿನಷ್ಟು ಹಿಂದೆ ಹೋಗ್ಬೇಕಾಯ್ತು. ವರ್ಷಕ್ಕೆ 3,500 ಎಂಎಂಗಿಂತ ಹೆಚ್ಚು ಮಳೆ ಬೀಳುವ ಊರು, ಮೇಲಿಂದ ಸಮುದ್ರದ ಉಪ್ಪು ಗಾಳಿ, ಟೇಪ್ ಸುತ್ತಿದ ಜಾಯಿಂಟ್ ಇಲ್ಲಿ ಬಾಳುದಿಲ್ಲ. ನಾನು ಸೋಲ್ಡರ್ ಮಾಡ್ತೀರಾ ಅಂತ ಕೇಳಿದೆ. ಅಣ್ಣ ಬೇಡ ಅಂದ್ರು, ಸ್ಟೀರಿಂಗ್ ತಿರುಗಿದಾಗೆಲ್ಲ ಈ ವೈರ್ ಬಾಗ್ತದೆ, ಸೋಲ್ಡರ್ ಏರಿದಷ್ಟು ಜಾಗ ಕಡ್ಡಿಯ ಹಾಗೆ ಗಟ್ಟಿಯಾಗಿ ಅದರ ಅಂಚಲ್ಲೇ ತುಂಡಾಗ್ತದೆ. ಅದಕ್ಕೆ ಲಗ್ (ಲೋಹದ ಸಣ್ಣ ಕೊಳವೆ) ಹಾಕಿ ಒತ್ತಿ, ಮೇಲಿಂದ ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಬಿಸಿ ಗಾಳಿ ಹಿಡಿದ್ರು, ಎರಡು ತುದಿಯಲ್ಲೂ ಅಂಟು ಸಣ್ಣ ಉಂಗುರದ ಹಾಗೆ ಹೊರಗೆ ಬರುವವರೆಗೆ. ಎರಡು ವೈರಿನ ಜಾಯಿಂಟ್ ಒಂದೇ ಕಡೆ ಬಾರದ ಹಾಗೆ ಒಂದನ್ನು ಸ್ವಲ್ಪ ಮೇಲೆ, ಒಂದನ್ನು ಕೆಳಗೆ ಮಾಡಿದ್ರು. ಹಳೆ ಗಾಡಿಯಿಂದ ತೆಗೆದಿಟ್ಟ ಒಂದು ಕಪ್ಲರ್ ಇತ್ತು, ಒಳಗಿನ ಪಿನ್ ಕ್ಲೀನ್ ಮಾಡಿ ಅದನ್ನೇ ಹಾಕಿದ್ರು. ಆಮೇಲೆ ಹುಡುಗ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸ್ತಾ ಇದ್ದ, ಅಣ್ಣ ಮಲ್ಟಿಮೀಟರ್ ಹಿಡಿದು, ವೈರ್ ಸರಿ ಇದ್ರೆ ಬರುವ ಬೀಪ್ ಎಲ್ಲಾದ್ರೂ ನಿಲ್ತದಾ ಅಂತ ಕಿವಿಗೊಟ್ಟು ಕೂತಿದ್ರು, ಒಂದು ಕಡೆಯೂ ನಿಲ್ಲಲಿಲ್ಲ.

ಕೊನೆಗೆ ನನ್ನನ್ನು ಡ್ರೈವರ್ ಸೀಟಲ್ಲಿ ಕೂರಿಸಿ ಕೀ ಆನ್ ಮಾಡ್ಲಿಕ್ಕೆ ಹೇಳಿ, ಹೊರಗಿಂದ ಕಪ್ಲರ್ ಕಳಚಿದ್ರು. ಲೈಟ್ ಬಂತು. ಮತ್ತೆ ಸಿಕ್ಕಿಸಿ, ಕೀ ಆಫ್ ಮಾಡಿ ಆನ್ ಮಾಡಿದೆ, ಲೈಟ್ ಇಲ್ಲ. "ಈಗ ಇದು ಸುಳ್ಳು ಹೇಳುದಿಲ್ಲ ಸರ್" ಅಂದ್ರು. ಪ್ಯಾಡ್ ಯಾರ ಹತ್ರ ಹಾಕಿಸಿದ್ರೂ ಈ ಒಂದು ಟೆಸ್ಟ್ ಎದುರಲ್ಲೇ ಮಾಡಿಸಿ, ಅರ್ಧ ನಿಮಿಷದ ಕೆಲಸ. ಕಪ್ಲರ್ ಕಳಚಿದ್ರೂ ಲೈಟ್ ಬರ್ಲಿಲ್ಲ ಅಂದ್ರೆ ಎಲ್ಲೋ ಯಾರೋ ಲೂಪ್ ಮಾಡಿದ್ದಾರೆ. ಇದು ಸುತ್ತು ಇರುವ ಗಾಡಿಗೆ ಮಾತ್ರ, ಹಳೆ ಬೆಂಜಿಗೆ ಅಲ್ಲ.

ವೈರಿಂಗ್ ಕೆಲಸಕ್ಕೆ 1,400, ಪ್ಯಾಡ್ ಸೆಟ್ 5,200, ಹಾಕಿದ್ದಕ್ಕೆ 600. ಡಿಸ್ಕ್ ಸರಿ ಉಂಟು ಅಂತ ಮುಟ್ಟಲೇ ಇಲ್ಲ. ಬಿಲ್ಲಲ್ಲಿ ಪ್ಯಾಡಿನ ದಪ್ಪ, ಕಿಲೋಮೀಟರ್ ರೀಡಿಂಗ್, ಯಾವ ಜಾಗದಲ್ಲಿ ಜಾಯಿಂಟ್ ಇದೆ ಅಂತ ಎಲ್ಲ ಬರೆದು ಕೊಟ್ಟಿದ್ದಾರೆ. ಹಳೆ ಪ್ಯಾಡ್ ಪೇಪರಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟು ಕೊಟ್ರು.

ತೊಂದರೆಯೂ ಉಂಟು, ಅದನ್ನೂ ಹೇಳ್ಬೇಕು. ಫೋನ್ ಎತ್ತುದಿಲ್ಲ, ಕೆಲಸದ ನಡುವೆ ಎತ್ತಲೇಬಾರ್ದು ಅಂತ ಅವರ ಲೆಕ್ಕ, ಹಾಗಾಗಿ ಖುದ್ದು ಹೋಗಿ ದಿನ ಕೇಳ್ಬೇಕು. ಕೂರ್ಲಿಕ್ಕೆ ಒಂದು ಬೆಂಚು ಮಾತ್ರ, ಮಳೆ ಜೋರು ಬಂದ್ರೆ ಅದೂ ಒದ್ದೆ. ಎರಡು ಗಂಟೆ ಅಂದದ್ದು ನಾಲ್ಕೂವರೆ ಗಂಟೆ ಆಯ್ತು, ಬೇಗ ಬೇಕು ಅನ್ನುವವರಿಗೆ ಈ ಅಂಗಡಿ ಆಗುದಿಲ್ಲ. ಕೊಟ್ಟಾರ ಚೌಕಿಯಲ್ಲಿ ಜೋರು ಮಳೆಗೆ ನೀರು ನಿಲ್ತದೆ, ಗೊತ್ತುಂಟಲ್ಲ, ಆ ದಿನ ನೋಡಿ ಹೋಗಿ. ಆದಿತ್ಯವಾರ ರಜೆ.

ಕಳೆದ ವಾರ ಸಕಲೇಶಪುರಕ್ಕೆ ಹೋಗಿ ಬಂದೆವು, ಇಳಿಯುವಾಗ ಗುಂಡ್ಯದವರೆಗೆ ಒಂದೇ ಸಮನೆ ಮಳೆ. ಮನೆಗೆ ಬಂದು ಟಾರ್ಚ್ ಹಿಡಿದು ಚಕ್ರದ ಹಿಂದೆ ನೋಡಿದೆ, ಸ್ಲೀವ್ ಮೇಲೆ ಕೆಸರು ಉಂಟು, ಒರೆಸಿದ್ರೆ ಅಂಚಿನ ಅಂಟು ಹಾಕಿದ ದಿನ ಇದ್ದ ಹಾಗೇ ಉಂಟು.