ಮನೆಯಲ್ಲೇ ಕಟ್ಟಿದ ಕ್ಯಾಮೆರಾ ರೆಕಾರ್ಡರ್: ಕಲ್ಯಾಣಪುರದಲ್ಲಿ ಮೂರು ಮಳೆಗಾಲ

ನಮ್ಮ ಮನೆ ಉಡುಪಿ ಹತ್ತಿರ, ಕಲ್ಯಾಣಪುರದ ಕಡೆ. ಸ್ವರ್ಣಾ ಹೊಳೆ ಕೂಗಳತೆಯಲ್ಲಿದೆ, ಕಡಲು ಕೂಡ ಹೆಚ್ಚು ದೂರ ಇಲ್ಲ. ಹಂಚಿನ ಮನೆ, ಎದುರಿಗೆ ಅಂಗಳ, ಹಿಂದೆ ತೆಂಗಿನ ತೋಟ, ತೋಟದ ಕೊನೆಯಲ್ಲಿ ಪಂಪ್ ಶೆಡ್. ಕೆಲಸದ ಸಲುವಾಗಿ ನಾನಿರುವುದು ಮಂಗಳೂರಿನಲ್ಲಿ. ಮನೆಯಲ್ಲಿ ಅಮ್ಮ ಒಬ್ಬರೇ. 2022ರ ಕೊನೆಗೆ ಪಂಪಿನ ತಾಮ್ರದ ಕೇಬಲನ್ನು ಯಾರೋ ರಾತ್ರಿ ಕತ್ತರಿಸಿಕೊಂಡು ಹೋದರು. ಹೋದ ಕೇಬಲಿನ ಬೆಲೆ ದೊಡ್ಡದಲ್ಲ. ಆದರೆ ಅಮ್ಮ ಮಲಗಿದ್ದ ಕೋಣೆಯ ಕಿಟಕಿ ಪಕ್ಕದಲ್ಲೇ ಹಾದು ಹೋಗಿದ್ದಾರಲ್ಲ, ಅದು ನನಗೆ ನಿದ್ದೆ ಬಿಡಿಸಿತು. 2023ರ ಜನವರಿಯಲ್ಲಿ ಆರು ಕ್ಯಾಮೆರಾ ಹಾಕಿ, ಹಳೆಯ ಕಂಪ್ಯೂಟರ್ ಒಂದನ್ನೇ ರೆಕಾರ್ಡರ್ ಮಾಡಿದೆ. ಈಗ ಮೂರು ಮಳೆಗಾಲ ಕಳೆದಿದೆ.

ಅಂಗಡಿಯ ರೆಡಿ ಪೆಟ್ಟಿಗೆ ಯಾಕೆ ಬೇಡ ಅಂತ ತುಂಬಾ ಜನ ಕೇಳುತ್ತಾರೆ. ನಮ್ಮ ನೆಂಟರ ಮನೆಯಲ್ಲಿ ಅಂಥದ್ದೊಂದು ಇತ್ತು. ಅದರ ಮೊಬೈಲ್ ಆಪ್ ಒಂದು ದಿನ ಕೆಲಸ ನಿಲ್ಲಿಸಿತು. ಹೊಸ ಆಪ್ ಆ ಹಳೆಯ ಮಾಡೆಲಿಗೆ ಹೊಂದುವುದಿಲ್ಲ ಅಂದರು. ಪೆಟ್ಟಿಗೆ ಚೆನ್ನಾಗಿಯೇ ಇದ್ದರೂ ದೂರದಿಂದ ನೋಡುವ ದಾರಿಯೇ ಇರಲಿಲ್ಲ. ಕಂಪ್ಯೂಟರಿನಲ್ಲಿ ಆ ಕಟ್ಟು ಇಲ್ಲ. ಯಾವ ಕಂಪನಿಯ ಕ್ಯಾಮೆರಾ ಬೇಕಾದರೂ ಸೇರಿಸಬಹುದು, ನೆಟ್‌ವರ್ಕ್ ಮೂಲಕ ವಿಡಿಯೊ ಕಳಿಸುವ ಆರ್‌ಟಿಎಸ್‌ಪಿ ಎಂಬ ಸಾಮಾನ್ಯ ವಿಧಾನ ಅದರಲ್ಲಿ ಇದ್ದರೆ ಆಯಿತು. ರೆಕಾರ್ಡಿಂಗ್ ಸಾಮಾನ್ಯ ವಿಡಿಯೊ ಫೈಲಾಗಿ ಡಿಸ್ಕಿನಲ್ಲಿ ಬಿದ್ದಿರುತ್ತದೆ. ನಾಳೆ ಸಾಫ್ಟ್‌ವೇರ್ ಬದಲಿಸಿದರೂ ಹಳೆಯದು ಓಡುತ್ತದೆ.

ಕಂಪ್ಯೂಟರ್ ಅಂದರೆ ಯಾವುದೋ ಆಫೀಸಿನಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್. ಇಂಟೆಲ್ ಐ5-6500, 8 ಜಿಬಿ ರ‍್ಯಾಮ್. ಇಂಟೆಲಿನ ಆರನೇ ತಲೆಮಾರಿನ ಚಿಪ್‌ಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲವಾದ್ದರಿಂದ ಇಂಥವು ಕಡಿಮೆಗೆ ಸಿಗುತ್ತವೆ. ನನಗೆ 9,500 ರೂಪಾಯಿಗೆ ಬಂತು. ನಮಗೆ ವಿಂಡೋಸ್ ಬೇಡವೇ ಬೇಡ, ಲಿನಕ್ಸ್ ಸಾಕು. ಕ್ಯಾಮೆರಾಗಳು ವಿಡಿಯೊ ಕುಗ್ಗಿಸಿ ಕಳಿಸುವ ಎಚ್.264 ಮತ್ತು ಎಚ್.265 ಎರಡೂ ವಿಧಾನಗಳನ್ನು ಈ ಚಿಪ್ಪಿನ ಒಳಗಿನ ಗ್ರಾಫಿಕ್ಸ್ ತಾನೇ ಬಿಡಿಸುತ್ತದೆ. ಆ ಕೆಲಸವನ್ನು ಗ್ರಾಫಿಕ್ಸಿಗೆ ಕೊಡುವ ಒಂದು ಸೆಟ್ಟಿಂಗ್ ಸರಿ ಮಾಡಿದ ಮೇಲೆ ಪ್ರೊಸೆಸರ್ ಮೇಲಿನ ಭಾರ ಅರ್ಧಕ್ಕಿಂತ ಕೆಳಗೆ ಇಳಿಯಿತು.

ಸಾಫ್ಟ್‌ವೇರ್ ಫ್ರಿಗೇಟ್, ಕ್ಯಾಮೆರಾಗಳ ವಿಡಿಯೊ ರೆಕಾರ್ಡ್ ಮಾಡಿ ಅದರಲ್ಲಿ ಕಂಡದ್ದನ್ನು ಗುರುತಿಸುವಂಥದ್ದು. ಉಚಿತ, ಓಪನ್ ಸೋರ್ಸ್, ಡಾಕರ್ (ಪ್ರೋಗ್ರಾಂಗಳನ್ನು ಪ್ರತ್ಯೇಕ ಡಬ್ಬದಲ್ಲಿಟ್ಟು ಓಡಿಸುವ ಸಾಧನ) ಒಳಗೆ ಓಡುತ್ತದೆ. ಸಿಸ್ಟಮ್ ಮತ್ತು ಡೇಟಾಬೇಸ್ ಸಣ್ಣ ಎಸ್‌ಎಸ್‌ಡಿಯಲ್ಲಿ, ವಿಡಿಯೊ ಮಾತ್ರ 4 ಟಿಬಿಯ ಹಾರ್ಡ್ ಡಿಸ್ಕಿನಲ್ಲಿ. ಡಿಸ್ಕ್ ವಿಷಯದಲ್ಲಿ ದಯವಿಟ್ಟು ಜಿಪುಣತನ ಬೇಡ. ವೆಸ್ಟರ್ನ್ ಡಿಜಿಟಲ್‌ನ ಪರ್ಪಲ್, ಸೀಗೇಟ್‌ನ ಸ್ಕೈಹಾಕ್, ಇವು ಹಗಲು ರಾತ್ರಿ ಬರೆಯುತ್ತಲೇ ಇರುವ ಕೆಲಸಕ್ಕೆ ಮಾಡಿದವು.

ಎಷ್ಟು ದಿನದ ರೆಕಾರ್ಡಿಂಗ್ ನಿಲ್ಲುತ್ತದೆ ಎನ್ನುವ ಲೆಕ್ಕ ಸುಲಭ. ಪ್ರತಿ ಕ್ಯಾಮೆರಾಕ್ಕೂ ಸೆಕೆಂಡಿಗೆ ಹೆಚ್ಚೆಂದರೆ 3 ಮೆಗಾಬಿಟ್ ಅಂತ ಮಿತಿ ಹಾಕಿದ್ದೇನೆ. ಹಾಗಾದರೆ ಒಂದು ಕ್ಯಾಮೆರಾಕ್ಕೆ ದಿನಕ್ಕೆ 32 ಜಿಬಿ ಚಿಲ್ಲರೆ, ಆರಕ್ಕೆ ಸುಮಾರು 194 ಜಿಬಿ. 4 ಟಿಬಿಯಲ್ಲಿ 20 ದಿನ. ನಾನು 18 ದಿನಕ್ಕೆ ಇಟ್ಟಿದ್ದೇನೆ. ಮಿತಿ ಹಾಕದೆ ಬಿಟ್ಟರೆ ಜೋರು ಮಳೆಯ ರಾತ್ರಿ ಲೆಕ್ಕ ತಪ್ಪುತ್ತದೆ. ಒಂದೊಂದು ಹನಿಯೂ ಕ್ಯಾಮೆರಾಕ್ಕೆ ಚಲನೆಯೇ, ಫೈಲ್ ಊದಿಕೊಳ್ಳುತ್ತದೆ.

ಇಷ್ಟು ಮಾಡಲು ನನಗೆ ಎರಡು ಭಾನುವಾರ ಸಾಕಾಯಿತು. ಕಷ್ಟ ಬಂದದ್ದೆಲ್ಲ ಆಮೇಲೆ. ಅದರಲ್ಲೂ ಮೊದಲ ಆಟಿಯಲ್ಲಿ, ಅಂದರೆ ಜೋರು ಮಳೆಯ ತುಳು ತಿಂಗಳಲ್ಲಿ, ಆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

2023ರ ಜುಲೈ. ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದು ಒಂದೂವರೆ ದಿನ ಕರೆಂಟ್ ಇರಲಿಲ್ಲ. ಇನ್ವರ್ಟರ್ ಕೂಡ ಖಾಲಿ. ಕರೆಂಟ್ ಬಂದ ಮೇಲೆ, ನಾನು ಹೇಳಿಕೊಟ್ಟ ಹಾಗೆ ಅಮ್ಮ ಕಂಪ್ಯೂಟರಿನ ಬಟನ್ ಒತ್ತಿದರು. “ಮಗಾ, ನೀಲಿ ದೀಪ ಬಂತು, ಫ್ಯಾನಿನ ಶಬ್ದವೂ ಕೇಳ್ತದೆ” ಅಂತ ಫೋನ್ ಮಾಡಿದರು. ನಾನು ಸಮಾಧಾನದಲ್ಲಿದ್ದೆ. ಆ ವಾರ ಆಫೀಸಿನಲ್ಲಿ ಕೆಲಸ ಜಾಸ್ತಿ, ಮೊಬೈಲಿನಲ್ಲಿ ತೆರೆದು ನೋಡಲಿಲ್ಲ. ಒಂಬತ್ತನೇ ದಿನ ಮನೆಗೆ ಬಂದು ನೋಡಿದರೆ ಒಂಬತ್ತು ದಿನದ ರೆಕಾರ್ಡಿಂಗೇ ಇಲ್ಲ. ಕಂಪ್ಯೂಟರನ್ನು ಟಿವಿಗೆ ಸಿಕ್ಕಿಸಿದೆ. ಕಪ್ಪು ಪರದೆ, ಮೇಲೆ ಎರಡು ಸಾಲು: ಸಮಯ ಹೊಂದಿಸಿಲ್ಲ, ಮುಂದುವರಿಯಲು ಎಫ್1 ಒತ್ತಿ. ಕೀಬೋರ್ಡೇ ಇಲ್ಲದ ಆ ಕಂಪ್ಯೂಟರ್ ಒಂದು ಕೀಲಿಗಾಗಿ ಒಂಬತ್ತು ದಿನ ಕಾದು ಕೂತಿತ್ತು.

ಕಾರಣ ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ, ಸಿಆರ್2032. ಕರೆಂಟ್ ಪೂರ್ತಿ ಹೋದಾಗ ಗಡಿಯಾರವನ್ನೂ ಬಯಾಸ್ (ಕಂಪ್ಯೂಟರ್ ಚಾಲೂ ಆಗುವಾಗ ಮೊದಲು ಓಡುವ ಪ್ರೋಗ್ರಾಂ) ಸೆಟ್ಟಿಂಗನ್ನೂ ಉಳಿಸುವುದು ಅದೇ. ಹಳೆಯ ಕಂಪ್ಯೂಟರ್, ಹಾಗಾಗಿ ಬ್ಯಾಟರಿಯೂ ಹಳೆಯದು. ಕರೆಂಟ್ ಬಂದ ತಕ್ಷಣ ತಾನೇ ಚಾಲೂ ಆಗು ಅಂತ ನಾನು ಇಟ್ಟಿದ್ದ ಸೆಟ್ಟಿಂಗ್ ಕೂಡ ಅಳಿಸಿಹೋಗಿತ್ತು. ಐವತ್ತು ರೂಪಾಯಿಯೂ ಇಲ್ಲದ ವಸ್ತು. ಹಳೆಯ ಕಂಪ್ಯೂಟರ್ ತಂದ ದಿನವೇ ಅದನ್ನು ಬದಲಿಸಿಬಿಡಿ. ಬಯಾಸಿನಲ್ಲಿ ತಪ್ಪು ಕಂಡರೂ ನಿಲ್ಲದೆ ಮುಂದೆ ಹೋಗು ಎನ್ನುವ ಆಯ್ಕೆ ಇದ್ದರೆ ಅದನ್ನೂ ಹಾಕಿಡಿ.

ಇನ್ನೊಂದು ಕೆಲಸ ಮಾಡಿದೆ. ತೊಂದರೆ ಆದಾಗ ಸಂದೇಶ ಕಳಿಸು ಎನ್ನುವ ವ್ಯವಸ್ಥೆಯನ್ನು ಎಲ್ಲರೂ ಮಾಡುತ್ತಾರೆ. ಆದರೆ ಸತ್ತ ಕಂಪ್ಯೂಟರ್ ಸಂದೇಶ ಕಳಿಸುವುದು ಹೇಗೆ? ನಾನದನ್ನು ತಿರುಗಿಸಿದೆ. ದಿನಾ ಬೆಳಿಗ್ಗೆ 8 ಗಂಟೆಗೆ ಒಂದು ಸಣ್ಣ ಸ್ಕ್ರಿಪ್ಟ್ ಆರೂ ಕ್ಯಾಮೆರಾಗಳ ಕೊನೆಯ ಫೈಲ್ ಯಾವಾಗಿನದು ಅಂತ ನೋಡಿ, ಎಲ್ಲ ಸರಿ ಇದೆ ಅಂತ ಟೆಲಿಗ್ರಾಮಿಗೆ ಕಳಿಸುತ್ತದೆ, ಹಿಂದಿನ ರಾತ್ರಿ 2 ಗಂಟೆಯ ಒಂದು ಚಿತ್ರದ ಜೊತೆ. ಸಂದೇಶ ಬಾರದಿದ್ದರೆ ಏನೋ ಆಗಿದೆ ಅಂತ ಅರ್ಥ. ಈ ವ್ಯವಸ್ಥೆಯಲ್ಲಿ ನಾನು ಅತಿ ಹೆಚ್ಚು ನಂಬುವುದು ಆ ಒಂದು ಸಂದೇಶವನ್ನು.

ವೈರಿನ ಕಥೆ ಇನ್ನೂ ದೊಡ್ಡದು. ಕ್ಯಾಮೆರಾಗಳಿಗೆ ಕರೆಂಟ್ ಮತ್ತು ನೆಟ್‌ವರ್ಕ್ ಎರಡೂ ಒಂದೇ ಕೇಬಲಿನಲ್ಲಿ, ಪಿಒಇ ಸ್ವಿಚ್‌ನಿಂದ. ವೈರಿಂಗಿಗೆ ಬಂದವರು ಮೊದಲು ತಂದದ್ದು ಅಲ್ಯುಮಿನಿಯಂ ಮೇಲೆ ತಾಮ್ರ ಲೇಪಿಸಿದ ಕೇಬಲ್. ಹೊರಗಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಎಳೆಯನ್ನು ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ದೂರದ ಕ್ಯಾಮೆರಾ ಹಗಲು ಸರಿ ಇದ್ದು, ರಾತ್ರಿ ಐಆರ್ ದೀಪ (ಕತ್ತಲೆಯಲ್ಲಿ ನೋಡಲು ಕ್ಯಾಮೆರಾದಲ್ಲೇ ಇರುವ, ನಮ್ಮ ಕಣ್ಣಿಗೆ ಕಾಣದ ಬೆಳಕು) ಹೊತ್ತಿದ ಕೂಡಲೇ ರೀಸ್ಟಾರ್ಟ್ ಆಗುತ್ತಿತ್ತು. ಆ ಕೇಬಲಿನಲ್ಲಿ ವೋಲ್ಟೇಜ್ ಅಷ್ಟು ಇಳಿಯುತ್ತಿತ್ತು. ಎಲ್ಲ ತೆಗೆಸಿ ಪೂರ್ತಿ ತಾಮ್ರದ ಕ್ಯಾಟ್6 ಹಾಕಿಸಿದೆ. ಎರಡು ಸಲ ಖರ್ಚು.

ಎರಡನೇ ಮಳೆಗಾಲಕ್ಕೆ ಗೇಟಿನ ಕ್ಯಾಮೆರಾ ಬಿಟ್ಟು ಬಿಟ್ಟು ಬರತೊಡಗಿತು. ಜಂಕ್ಷನ್ ಬಾಕ್ಸ್ ಬಿಚ್ಚಿದರೆ ಒಂದು ಮೂಲೆಯಲ್ಲಿ ಹಲ್ಲಿಯ ಎರಡು ಬಿಳಿ ಮೊಟ್ಟೆ, ತಳದಲ್ಲಿ ನೀರು, ಕನೆಕ್ಟರಿನ ಎಂಟು ಹಲ್ಲುಗಳಲ್ಲಿ ಮೂರಕ್ಕೆ ಹಸಿರು ಕಿಲುಬು. ನಮ್ಮ ಕಡೆ ಪೂಜೆಯ ತಾಮ್ರದ ಚೊಂಬನ್ನು ಎರಡು ವಾರ ತಿಕ್ಕದೆ ಬಿಟ್ಟರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಕನೆಕ್ಟರಿಗೂ ಅದೇ ಗತಿ, ಅದರ ಮೇಲೆ ಉಪ್ಪಿನ ಗಾಳಿ, ಹಲ್ಲುಗಳ ನಡುವೆ ಸದಾ ಹರಿಯುವ ಕರೆಂಟ್. ಕನೆಕ್ಟರ್ ಕತ್ತರಿಸಿ ಹೊಸದು ಹಾಕಿ, ಒಳಗೆ ಸಿಲಿಕೋನ್ ಗ್ರೀಸ್ ತುಂಬಿದೆ. ಕೇಬಲನ್ನು ಬಾಕ್ಸಿಗಿಂತ ಕೆಳಗೆ ಬಳಸಿ ಮೇಲೆ ತಂದೆ, ನೀರು ಬಳುಕಿನ ತುದಿಯಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಬಾಕ್ಸಿನ ತಳಕ್ಕೆ ಒಂದು ಸಣ್ಣ ತೂತು. ಆಮೇಲೆ ಆ ಕ್ಯಾಮೆರಾ ಒಂದು ದಿನವೂ ಕೈಕೊಟ್ಟಿಲ್ಲ.

2024ರ ಅಕ್ಟೋಬರಿನ ಒಂದು ಸಂಜೆ ತೋಟದ ಆಚೆ ಸಿಡಿಲು ಬಡಿಯಿತು. ಪಂಪ್ ಶೆಡ್ಡಿನ ಕ್ಯಾಮೆರಾ ಹೋಯಿತು, ಸ್ವಿಚ್ಚಿನ ಎರಡು ಪೋರ್ಟ್ ಹೋದವು. ಶೆಡ್ಡಿಗೆ 90 ಮೀಟರ್ ತಾಮ್ರದ ಕೇಬಲ್ ಎಳೆದಿದ್ದೆ. ಈಥರ್‌ನೆಟ್‌ನ 100 ಮೀಟರ್ ಮಿತಿಯ ಒಳಗೇ ಇದೆ ಅಂತ ಧೈರ್ಯ. ಆದರೆ ಅಷ್ಟುದ್ದ ತಾಮ್ರ ಹೊರಗೆ ಬಿದ್ದಿದ್ದರೆ ಹತ್ತಿರದ ಸಿಡಿಲಿಗೆ ಅದರಲ್ಲಿ ವೋಲ್ಟೇಜ್ ಏರಿ ಸೀದಾ ಮನೆಯೊಳಗೆ ಬರುತ್ತದೆ. ಈಗ ಅಲ್ಲಿಗೆ ಕರೆಂಟ್ ಹರಿಯದ, ಬೆಳಕಿನಲ್ಲಿ ಡೇಟಾ ಕಳಿಸುವ ಫೈಬರ್, ಎರಡು ತುದಿಗೂ ಆ ಬೆಳಕನ್ನು ಮಾಮೂಲಿ ಕೇಬಲಿಗೆ ಬದಲಿಸುವ ಮೀಡಿಯಾ ಕನ್ವರ್ಟರ್, ಕ್ಯಾಮೆರಾಕ್ಕೆ ಶೆಡ್ಡಿನದೇ ಕರೆಂಟ್. ಲೋಹವಿಲ್ಲದ ಫೈಬರ್ ಕೇಬಲನ್ನೇ ಕೇಳಿ ತನ್ನಿ, ಒಳಗೆ ಸ್ಟೀಲ್ ತಂತಿ ಇದ್ದರೆ ಪ್ರಯೋಜನ ಅರ್ಧ. ಕರಾವಳಿಯಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಎಳೆಯುವುದಾದರೆ ಫೈಬರ್ ಬಿಟ್ಟು ಬೇರೆ ಯಾವುದನ್ನೂ ನಾನು ಹೇಳುವುದಿಲ್ಲ.

ಇನ್ನು ಫ್ರಿಗೇಟ್ ಚಿತ್ರದಲ್ಲಿ ಕಂಡದ್ದು ಏನು ಅಂತ ಗುರುತು ಹಿಡಿಯುವ ಬಗ್ಗೆ. 2023ರಲ್ಲಿ ಬಂದ 0.12 ಆವೃತ್ತಿಯಿಂದ ಈ ಕೆಲಸಕ್ಕೆ ಇಂಟೆಲ್ ಚಿಪ್ಪನ್ನೇ ಬಳಸಿಕೊಳ್ಳುವ ಓಪನ್‌ವಿನೊ ಸಾಫ್ಟ್‌ವೇರ್ ಬಳಸಬಹುದಾಯಿತು. ಹಾಗಾಗಿ ಗುರುತಿಸುವುದಕ್ಕೆಂದೇ ಬರುವ ಕೋರಲ್ ಎಂಬ ಬೇರೆ ಚಿಪ್ ಕೊಳ್ಳುವ ಅಗತ್ಯ ನನಗೆ ಬೀಳಲಿಲ್ಲ. ಮನುಷ್ಯ, ಕಾರು, ನಾಯಿ, ದನ ಇವನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಇದರ ಮಾದರಿ ಕಲಿತಿರುವ ಪಟ್ಟಿಯಲ್ಲಿ ಆನೆ, ಜೀಬ್ರಾ, ಜಿರಾಫೆ ಇವೆ, ಮಂಗ ಇಲ್ಲ, ಹಂದಿಯೂ ಇಲ್ಲ. ತೋಟಕ್ಕೆ ಬರುವ ಮಂಗನನ್ನು ಒಮ್ಮೆ ನಾಯಿ ಅನ್ನುತ್ತದೆ, ಒಮ್ಮೆ ಮನುಷ್ಯ ಅನ್ನುತ್ತದೆ. ಅದಕ್ಕಿಂತ ಗಂಭೀರವಾದದ್ದು ಇನ್ನೊಂದು. ಮಳೆಯಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿ ಬಗ್ಗಿ ನಡೆಯುವವರನ್ನು ಇದು ಮನುಷ್ಯ ಅಂತ ಗುರುತಿಸುವುದಿಲ್ಲ. ನಮ್ಮ ತೋಟದ ಕೆಲಸದವರನ್ನೇ ಎಷ್ಟೋ ಸಲ ಬಿಟ್ಟಿದೆ. ಕಳ್ಳ ಬಂದರೂ ಹಾಗೆಯೇ ಬರುತ್ತಾನೆ, ಅಲ್ವಾ? ಆದ್ದರಿಂದ ಗುರುತಿಸಿದ್ದನ್ನು ಮಾತ್ರ ಉಳಿಸುವ ಆಯ್ಕೆಯನ್ನು ನಾನು ಬಳಸುವುದಿಲ್ಲ. 24 ಗಂಟೆಯೂ ರೆಕಾರ್ಡ್ ಆಗುತ್ತದೆ. ಗುರುತಿಸುವುದು ಬೇಗ ಹುಡುಕುವುದಕ್ಕೆ ಮಾತ್ರ.

ರಾತ್ರಿಯ ದೊಡ್ಡ ಕಾಟ ಜೇಡ. ಐಆರ್ ದೀಪಕ್ಕೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ, ಲೆನ್ಸ್ ಮುಂದೆಯೇ ಬಲೆ. ವಾರಕ್ಕೊಮ್ಮೆ ಕೋಲಿಗೆ ಹಿಡಿಸೂಡಿ ಕಟ್ಟಿ ಗುಡಿಸಬೇಕು. ಅಂಗಳದ ಕ್ಯಾಮೆರಾದಲ್ಲಿ ಐಆರ್ ಆರಿಸಿ, ಅದರಿಂದ ದೂರಕ್ಕೆ ಒಂದು ಎಲ್ಇಡಿ ಬಲ್ಬ್ ಹಾಕಿದ ಮೇಲೆ ಅಲ್ಲಿ ಬಲೆ ತುಂಬಾ ಕಡಿಮೆ, ಚಿತ್ರವೂ ಬಣ್ಣದ್ದು.

ದೂರದಿಂದ ನೋಡಲು ರೂಟರಿನಲ್ಲಿ ಪೋರ್ಟ್ (ಹೊರಗಿನ ಇಂಟರ್ನೆಟ್‌ನಿಂದ ಒಳಗೆ ಬರುವ ದಾರಿ) ತೆರೆಯಬೇಡಿ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಹೀಗೆ ತೆರೆದಿಟ್ಟ, ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ ಮತ್ತು ಡಿವಿಆರ್‌ಗಳನ್ನೇ ಹಿಡಿದು ದೊಡ್ಡ ದೊಡ್ಡ ಜಾಲತಾಣಗಳನ್ನು ಬೀಳಿಸಿತ್ತು. ನಮ್ಮ ಕ್ಯಾಮೆರಾಗಳಿಗೆ ಇಂಟರ್ನೆಟ್ಟೇ ಇಲ್ಲ. ಕಂಪ್ಯೂಟರಿಗೆ ಎರಡು ನೆಟ್‌ವರ್ಕ್ ಕಾರ್ಡ್, ಒಂದು ಕ್ಯಾಮೆರಾ ಕಡೆಗೆ, ಇನ್ನೊಂದು ಮನೆಯ ರೂಟರಿಗೆ. ನಾನು ಮಂಗಳೂರಿನಿಂದ ಟೇಲ್‌ಸ್ಕೇಲ್ ಎಂಬ ಖಾಸಗಿ ನೆಟ್‌ವರ್ಕ್ (ವಿಪಿಎನ್) ಮೂಲಕ ನೋಡುತ್ತೇನೆ.

ಇಂಟರ್ನೆಟ್ ಇಲ್ಲದ ಕ್ಯಾಮೆರಾಗಳಿಗೆ ಒಂದು ಕೊರತೆ ಇದೆ. ಅವುಗಳ ಗಡಿಯಾರ ಮೆಲ್ಲಗೆ ಜಾರುತ್ತದೆ. ಇದು ನನಗೆ ಗೊತ್ತಾದದ್ದು ನಮ್ಮ ಗೇಟಿನೆದುರು ರಸ್ತೆಯಲ್ಲಿ ಒಬ್ಬ ಹುಡುಗ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಾಗ. ಗುದ್ದಿದ ವಾಹನ ನಿಲ್ಲಿಸದೆ ಹೋಗಿತ್ತು. ಆ ಹುಡುಗನ ತಂದೆ ಮನೆಗೆ ಬಂದು, “ಅಮ್ಮ, ನಿಮ್ಮ ಕ್ಯಾಮೆರಾದಲ್ಲಿ ಏನಾದ್ರೂ ಬಿದ್ದಿದೆಯಾ?” ಅಂತ ಕೇಳಿದರಂತೆ. ಬಿದ್ದಿತ್ತು, ಸ್ಪಷ್ಟವಾಗಿಯೇ. ಆದರೆ ಚಿತ್ರದ ಮೇಲಿನ ಸಮಯ 11 ನಿಮಿಷ ಹಿಂದೆ. ಫೈಲಿನ ಸಮಯ ಕಂಪ್ಯೂಟರಿನದು, ಅದು ಸರಿ ಇತ್ತು. ಎರಡರ ವ್ಯತ್ಯಾಸವನ್ನು ನಾನು ಬರೆದುಕೊಡಬೇಕಾಯಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ವಿಡಿಯೊ ಜೊತೆಗೆ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ (ಫೈಲ್ ಸ್ವಲ್ಪ ಬದಲಾದರೂ ಬೇರೆಯಾಗುವ, ಬೆರಳಚ್ಚಿನಂಥ ಸಂಖ್ಯೆ) ಕೂಡ ನಮೂದಿಸಬೇಕು. ಲಿನಕ್ಸಿನಲ್ಲಿ ಎಸ್‌ಎಚ್‌ಎ256 ಎಂಬ ಹ್ಯಾಶ್ ತೆಗೆಯುವುದು ಒಂದೇ ಸಾಲಿನ ಕೆಲಸ. ಆ ವಾರವೇ ಕಂಪ್ಯೂಟರಿನಲ್ಲಿ ಸಮಯ ಹೊಂದಿಸುವ ಕ್ರೋನಿ ಎಂಬ ಪ್ರೋಗ್ರಾಂ ಹಾಕಿ, ಆರೂ ಕ್ಯಾಮೆರಾ ಅದರಿಂದಲೇ ಸಮಯ ತೆಗೆದುಕೊಳ್ಳುವ ಹಾಗೆ ಮಾಡಿದೆ. ಮೊದಲ ದಿನವೇ ಮಾಡಬೇಕಿತ್ತು.

ಪಕ್ಕದ ಮನೆಯ ಬಾವಿಕಟ್ಟೆ ನಮ್ಮ ಒಂದು ಕ್ಯಾಮೆರಾದ ಮೂಲೆಯಲ್ಲಿ ಬರುತ್ತಿತ್ತು. ಅಲ್ಲಿನ ಅಕ್ಕ ಹೇಳುವ ಮೊದಲೇ ಕ್ಯಾಮೆರಾದಲ್ಲೇ ಆ ಭಾಗವನ್ನು ಕಪ್ಪು ಮಾಡಿದೆ, ಅವರನ್ನು ಕರೆದು ತೋರಿಸಿಯೂ ಬಿಟ್ಟೆ. ಊರಿನಲ್ಲಿ ನೆರೆಹೊರೆಯ ವಿಶ್ವಾಸ ಕಳೆದುಕೊಂಡು ಕ್ಯಾಮೆರಾ ಇಡಬಾರದು.

ವಿದ್ಯುತ್ ಖರ್ಚು ಇದರ ನಿಜವಾದ ಕೊರತೆ. ಕಂಪ್ಯೂಟರ್, ಸ್ವಿಚ್, ಕ್ಯಾಮೆರಾ ಸೇರಿ 75 ವ್ಯಾಟ್ ಹತ್ತಿರ, ಅಂದರೆ ತಿಂಗಳಿಗೆ 54 ಯೂನಿಟ್. ರೆಡಿ ಪೆಟ್ಟಿಗೆ ಇದಕ್ಕಿಂತ ಕಡಿಮೆ ಎಳೆಯುತ್ತದೆ. ಇನ್ವರ್ಟರ್ ಇದ್ದರೂ ಚಿಕ್ಕ ಯುಪಿಎಸ್ ಬೇರೆ ಬೇಕು. ಇನ್ವರ್ಟರಿಗೆ ಬದಲಾಗುವ ಆ ಅರೆಕ್ಷಣಕ್ಕೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ, ಬರೆಯುತ್ತಿದ್ದ ಫೈಲ್ ಕೆಡುತ್ತದೆ.

ಡಿಸ್ಕ್ 25,000 ಗಂಟೆ ದಾಟಿದೆ. ಕೆಟ್ಟ ಸೆಕ್ಟರ್ ಇನ್ನೂ ಸೊನ್ನೆ. ಆದರೂ ಮೂರು ವರ್ಷದ ವಾರಂಟಿ ಮುಗಿಯುತ್ತಾ ಬಂತು, ಮುಂದಿನ ಮಳೆಗಾಲಕ್ಕೆ ಮೊದಲು ಹೊಸದು ಹಾಕುತ್ತೇನೆ. ಅಮ್ಮ ಕೇಳಿದ್ದು ಒಂದೇ: ಅಡುಗೆಮನೆಯಲ್ಲಿ ಗೇಟ್ ಕಾಣುವ ಹಾಗೆ ಒಂದು ಸ್ಕ್ರೀನ್. ಹಳೆಯ ಟ್ಯಾಬ್ಲೆಟ್ ಒಂದನ್ನು ಕಪಾಟಿನ ಪಕ್ಕ ಗೋಡೆಗೆ ಹಾಕಿ ಕೊಟ್ಟಿದ್ದೇನೆ. ರಾತ್ರಿ ನಾಯಿ ಬೊಗಳಿದರೆ ಈಗ ಅವರು ಬಾಗಿಲು ತೆಗೆಯುವುದಿಲ್ಲ, ಮೊದಲು ಅದನ್ನು ನೋಡುತ್ತಾರೆ.