ಮೂಲ ಫಿಯಟ್, ಮಾರ್ಪಡಿಸಿದ ಫಿಯಟ್: ಎರಡನ್ನೂ ಓಡಿಸಿ ನೋಡಿದ ಮೇಲೆ

ಒಂದೇ ಕುಲದ ಎರಡು ಕಾರುಗಳು ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ನಮ್ಮ ಮನೆಯ ಶೆಡ್ಡಿನಲ್ಲಿ ಅಕ್ಕಪಕ್ಕ ನಿಂತಿದ್ದವು. ಒಂದು ನಮ್ಮದೇ, 1967ರ ಫಿಯಟ್ 1100 ಡಿ. ಎಂಜಿನ್, ಗೇರು, ಸೀಟು, ಮುಕ್ಕಾಲುಪಾಲು ಬಣ್ಣ, ಎಲ್ಲವೂ ಕಾರ್ಖಾನೆಯಿಂದ ಬಂದದ್ದೇ. ಇನ್ನೊಂದು ಗೆಳೆಯನ 1974ರ ಪ್ರೀಮಿಯರ್ ಪದ್ಮಿನಿ, ಅಂದರೆ ಹೆಸರು ಬದಲಾದ ಅದೇ ಫಿಯಟ್. ಅದಕ್ಕೆ ತೊಂಬತ್ತರ ದಶಕದಲ್ಲೇ 118 ಎನ್‌ಇ ಕಾರಿನ ನಿಸಾನ್ ಎಂಜಿನ್ ಕೂರಿಸಿ, ಆರ್‌ಸಿಯಲ್ಲಿ ನಮೂದು ಮಾಡಿಸಲಾಗಿತ್ತು. ನೆಲದ ಮೇಲಿನ ಗೇರು, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಅಲಾಯ್ ಚಕ್ರ, ಎ.ಸಿ. ಎಲ್ಲವೂ ಆಮೇಲೆ ಸೇರಿಕೊಂಡವು. ಎರಡರ ಮೈಕಟ್ಟು ಒಂದೇ: ಹಿಂಬದಿಯ ಅದೇ ರೆಕ್ಕೆಯಂಚು, ಮುಂಬಾಗಿಲಿನ ಅದೇ ತ್ರಿಕೋನ ಗಾಜು. ಗೆಳೆಯ ಮಾರುವ ಯೋಚನೆಯಲ್ಲಿದ್ದುದರಿಂದ ಸಂಗ್ರಾಹಕರು ಬಂದು ಹೋಗುತ್ತಿದ್ದರು. ಬಂದವರು ನಮ್ಮದನ್ನೂ ನೋಡಿ ಬೆಲೆ ಹೇಳದೆ ಹೋಗಲಿಲ್ಲ.

ಮೊದಲು ಓಟದ ಮಾತು. ಇಲ್ಲಿ ಮಾರ್ಪಡಿಸಿದ ಕಾರೇ ಗೆಲ್ಲುತ್ತದೆ, ಅದೂ ಸುಲಭವಾಗಿ. 1100 ಡಿಯ ಎಂಜಿನ್ 1089 ಸಿ.ಸಿ.ಯದು, ಶಕ್ತಿ ನಲವತ್ತು ಅಶ್ವಶಕ್ತಿಯ ಆಸುಪಾಸು. ಪದ್ಮಿನಿಯಲ್ಲಿ ಕೂರಿಸಿದ್ದ 1171 ಸಿ.ಸಿ.ಯ ಎಂಜಿನ್ ಐವತ್ತನ್ನು ದಾಟುತ್ತದೆ. ಕಾಗದದ ಮೇಲೆ ಈ ವ್ಯತ್ಯಾಸ ಚಿಕ್ಕದು. ನಂದಿ ಬೆಟ್ಟದ ತಿರುವುಗಳಲ್ಲಿ ಚಿಕ್ಕದಲ್ಲ. ಪದ್ಮಿನಿ ಮೂರನೆಯ ಗೇರಿನಲ್ಲೇ ಏರುವ ಕಡೆ ನಮ್ಮ ಫಿಯಟ್ ಎರಡಕ್ಕೆ ಇಳಿಯುತ್ತದೆ, ಸ್ಟೀರಿಂಗ್ ಪಕ್ಕದ ಗೇರುಕೋಲನ್ನು ತಾಳ್ಮೆಯಿಂದ ಒಪ್ಪಿಸಬೇಕಾಗುತ್ತದೆ. ಇಳಿಯುವಾಗ ಅಂತರ ಇನ್ನೂ ಹೆಚ್ಚು. ಮೂಲ ಕಾರಿನ ನಾಲ್ಕೂ ಚಕ್ರಗಳಿಗೆ ಇರುವುದು ಡ್ರಮ್ ಬ್ರೇಕು. ಉದ್ದನೆಯ ಇಳಿಜಾರಿನಲ್ಲಿ ಅವು ಬಿಸಿಯಾಗಿ ಹಿಡಿತ ಸಡಿಲಿಸುವುದು ಕಾಲಿಗೇ ತಿಳಿಯುತ್ತದೆ. ಪದ್ಮಿನಿಯಲ್ಲಿ ಆ ಭಯ ಇರಲಿಲ್ಲ.

ಏಪ್ರಿಲ್ ಬಿಸಿಲಿನ ವಾಹನದಟ್ಟಣೆಯಲ್ಲಂತೂ ಹೋಲಿಕೆಯೇ ಬೇಡ. ಹಳೆಯ ಫಿಯಟ್ ಇಟ್ಟುಕೊಂಡವರಿಗೆಲ್ಲ ಈ ರೋಗ ಗೊತ್ತು: ಪೆಟ್ರೋಲ್ ಪಂಪು ಕಾದು, ನಳಿಕೆಯೊಳಗೆ ಪೆಟ್ರೋಲ್ ಆವಿಯಾಗಿ, ಗಾಡಿ ನಡುರಸ್ತೆಯಲ್ಲಿ ನಿಂತುಬಿಡುತ್ತದೆ. ಬಾನೆಟ್ ಎತ್ತಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಬೇಕು. ನಮ್ಮ ಕಾರಿನಲ್ಲಿ ಇವತ್ತಿಗೂ ಒಂದು ಬಟ್ಟೆ, ಒಂದು ಬಾಟಲಿ ನೀರು ಇದ್ದೇ ಇರುತ್ತವೆ. ಗೆಳೆಯನ ಕಾರು ಎ.ಸಿ. ಹಾಕಿಕೊಂಡು ಸಿಲ್ಕ್ ಬೋರ್ಡ್ ದಾಟಿತು.

ಹೀಗಿದ್ದೂ ಬಂದವರು ಹೇಳಿದ ಬೆಲೆಯಲ್ಲಿ ಪದ್ಮಿನಿ ನಮ್ಮ ಫಿಯಟ್‌ನ ಅರ್ಧದ ಸುತ್ತಮುತ್ತಲೇ ನಿಂತಿತು. ಗೆಳೆಯ ಸುರಿದ ದುಡ್ಡಿನ ಲೆಕ್ಕ ಯಾರೂ ಕೇಳಲಿಲ್ಲ. ಅವರು ನೋಡುತ್ತಿದ್ದ ಕ್ರಮ ಗಮನಿಸುವಂಥದ್ದು. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಆರ್‌ಸಿ ಮೂರನ್ನೂ ಹೊಂದಿಸಿ ನೋಡುತ್ತಾರೆ. ಗಾಜಿನ ಮೂಲೆಯ ಮುದ್ರೆ ಓದುತ್ತಾರೆ. ಕಾರ್ಪೆಟ್ ಎತ್ತಿ ನೆಲದ ತಗಡನ್ನು ಬೆರಳಿನಿಂದ ಸವರುತ್ತಾರೆ. ಪದ್ಮಿನಿಯಲ್ಲಿ ಹೊಸ ಗೇರುಬಾಕ್ಸಿಗೆ ಜಾಗ ಮಾಡಲು ನಡುವಿನ ಉಬ್ಬನ್ನು ಕತ್ತರಿಸಿ ಬೆಸುಗೆ ಹಾಕಿದ್ದು ಕಂಡ ಕ್ಷಣವೇ ಮಾತಿನ ಧಾಟಿ ಬದಲಾಗುತ್ತಿತ್ತು. ಅಲಾಯ್ ಚಕ್ರಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಾಲ್ಕು ಬೋಲ್ಟ್ ಬಿಚ್ಚಿದರೆ ಅವು ಹೋಗುತ್ತವೆ. ಕತ್ತರಿಸಿದ ತಗಡು ಹಿಂದಕ್ಕೆ ಬರುವುದಿಲ್ಲ. ನನ್ನ ಮಟ್ಟಿಗೆ ಬೆಲೆಯನ್ನು ಒಡೆಯುವ ಗೆರೆ ಇದೇ: ಬಿಚ್ಚಿ ಮರಳಿಸಬಹುದಾದ ಬದಲಾವಣೆ ಒಂದು ಕಡೆ, ಕತ್ತರಿಸಿದ್ದು ಇನ್ನೊಂದು ಕಡೆ.

ಕಾನೂನೂ ಈಗ ಆ ಗೆರೆಯ ಹತ್ತಿರವೇ ನಿಂತಿದೆ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಐವತ್ತು ವರ್ಷ ದಾಟಿದ, ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗದ ಖಾಸಗಿ ಬಳಕೆಯ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ವಯಸ್ಸಿನ ಲೆಕ್ಕದಲ್ಲಿ ಎರಡೂ ಕಾರುಗಳು ಅರ್ಹ. ಎಂಜಿನ್ ಬದಲಾದ ಪದ್ಮಿನಿಗೆ ಮಾತ್ರ ಆ ಬಾಗಿಲು ಮುಚ್ಚಿದೆ. ವಿಂಟೇಜ್ ಪಟ್ಟ ಪಡೆದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ, ರ್‍ಯಾಲಿ, ಪ್ರದರ್ಶನ, ದುರಸ್ತಿ, ಇಂಧನ ತುಂಬಿಸುವುದು ಇಂಥವಕ್ಕಷ್ಟೇ ರಸ್ತೆಗೆ ತರಬಹುದು ಎಂಬ ಷರತ್ತೂ ಇದೆ. ಇನ್ನು ಹೊಸದಾಗಿ ಇಂಥ ಎಂಜಿನ್ ಬದಲಾವಣೆಗೆ ಕೈ ಹಾಕುವವರು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಓದಿಕೊಳ್ಳಬೇಕು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಅದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆಧಾರದಲ್ಲಿ ಹೇಳಿದೆ.

ಇವೆರಡರ ನಡುವೆ ಮೂರನೆಯದೊಂದು ಇದೆ. ಅದನ್ನು ಕಂಡರೆ ನನಗೆ ಹೆಚ್ಚು ಸಂಕಟ. ಪೂರ್ತಿ ಬಿಚ್ಚಿ, ಹಳೆಯದನ್ನೆಲ್ಲ ಎಸೆದು, ಅಂದಿನ ಕಾರಿಗೆ ಎಂದೂ ಇಲ್ಲದ ಹೊಳಪಿನ ಬಣ್ಣ ಬಳಿದು, ಕ್ರೋಮ್ ಕನ್ನಡಿಯಂತೆ ಮಿಂಚಿಸಿದ ಕಾರು. ಮೆರವಣಿಗೆಯಲ್ಲಿ ಫೋಟೋ ತೆಗೆಸಿಕೊಳ್ಳುವವರೆಲ್ಲ ಅದರ ಮುಂದೆಯೇ ನಿಲ್ಲುತ್ತಾರೆ. ಆದರೆ ಆ ಬಣ್ಣದ ಕೆಳಗೆ ಎಷ್ಟು ತುಕ್ಕು, ಎಷ್ಟು ಪುಟ್ಟಿ ಇದೆಯೋ ಹೇಳುವವರಾರು? ನಮ್ಮ ಫಿಯಟ್‌ನ ಬಾನೆಟ್ ಮೇಲೆ ಬಣ್ಣ ಮಾಸಿದೆ, ಚಾಲಕನ ಕಡೆಯ ಬಾಗಿಲಿನ ಅಂಚಿನಲ್ಲಿ ಐವತ್ತು ವರ್ಷ ಮೊಣಕೈ ಊರಿದ ಗುರುತು ಇದೆ. ಪಳಗಿದ ಸಂಗ್ರಾಹಕರೊಬ್ಬರು ಅದನ್ನು ಮುಟ್ಟಿ, ಯಾವ ಕಾರಣಕ್ಕೂ ಇದಕ್ಕೆ ಬಣ್ಣ ಹೊಡೆಸಬೇಡಿ ಎಂದರು. ಮಾಸಿದ ಬಣ್ಣ ಏನನ್ನೂ ಮುಚ್ಚಿಡಲಾರದು. ಅದಕ್ಕೇ ಅದರ ಮೇಲೆ ನಂಬಿಕೆ, ನಂಬಿಕೆಗೇ ದುಡ್ಡು.

ಹಾಗೆಂದು ಮಾರ್ಪಾಡೆಲ್ಲ ಬೆಲೆಗೇಡು ಎನ್ನಲಾಗದು. ಕ್ಯಾಲಿಫೋರ್ನಿಯಾದ ಸಿಂಗರ್ ಸಂಸ್ಥೆ 964 ಪೀಳಿಗೆಯ ಪೋರ್ಷೆ 911 ಕಾರುಗಳನ್ನು ತಳದಿಂದ ಮತ್ತೆ ಕಟ್ಟುತ್ತದೆ. ಅವು ಅದೇ ಪೀಳಿಗೆಯ ಸಾಮಾನ್ಯ ಮೂಲ ಕಾರುಗಳಿಗಿಂತ ಎಷ್ಟೋ ಪಟ್ಟು ದುಬಾರಿ. ಅಲ್ಲಿ ಕೆಲಸ ಮಾಡಿದ ಕೈಗೆ ಹೆಸರಿದೆ, ಪ್ರತಿ ಕೆಲಸಕ್ಕೂ ದಾಖಲೆಯಿದೆ. ಹಿಂದಿನ ಮಹಾರಾಜರು ಹೊಸ ಚಾಸಿ ತರಿಸಿ ತಮಗೆ ಬೇಕಾದ ಬಾಡಿ ಕಟ್ಟಿಸಿಕೊಂಡದ್ದೂ ಒಂದರ್ಥದಲ್ಲಿ ಮಾರ್ಪಾಡೇ. ಕಲ್ಕತ್ತೆಯ ರಾಬರ್ಟ್ ಮ್ಯಾಥ್ಯೂಸನ್ ಇಂಗ್ಲೆಂಡಿನ ಬ್ರೂಕ್ ಕಂಪನಿಯಿಂದ ಮಾಡಿಸಿದ, ಆಮೇಲೆ ನಾಭಾದ ಮಹಾರಾಜರ ಕೈ ಸೇರಿದ ಹಂಸದ ಆಕಾರದ ಕಾರು ಈಗ ನೆದರ್‌ಲೆಂಡ್ಸ್‌ನ ಲೌಮನ್ ಮ್ಯೂಸಿಯಂನಲ್ಲಿದೆ. ಅದರ ವಿಚಿತ್ರ ಕೊಕ್ಕನ್ನು ತೆಗೆದು ಸಹಜ ಮಾಡಬೇಕೆಂದು ಯಾರೂ ಹೇಳಲಾರರು. ಕಾಲವೇ ಒಪ್ಪಿದ ಬದಲಾವಣೆ ಇತಿಹಾಸದ ಭಾಗವಾಗುತ್ತದೆ. ಗೆಳೆಯನ ಪದ್ಮಿನಿಯನ್ನು ಆ ಸಾಲಿಗೆ ಸೇರಿಸಲು ನನಗೆ ಮನಸ್ಸಿದ್ದರೂ ಆಧಾರವಿಲ್ಲ. ಕೆಲಸ ಮಾಡಿದ ಗ್ಯಾರೇಜಿನ ಒಂದು ರಶೀದಿಯೂ ಉಳಿದಿಲ್ಲ.

ಮೂಲ ಕಾರಿನ ಪಕ್ಷ ಹಿಡಿಯುವವರು ಒಂದು ವಿಷಯದಲ್ಲಿ ಹಟ ಬಿಡಬೇಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ಶೇ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅರುವತ್ತರ ದಶಕದ ರಬ್ಬರ್ ನಳಿಕೆ, ಕಾರ್ಬ್ಯುರೇಟರಿನ ಗ್ಯಾಸ್ಕೆಟ್, ಪಂಪಿನ ಪೊರೆ ಇದನ್ನು ತಾಳುವಂಥವಲ್ಲ. ನಮ್ಮ ಕಾರಿನ ಇಂಧನ ನಳಿಕೆಗಳನ್ನೆಲ್ಲ ಎಥನಾಲ್ ತಡೆಯುವ ಹೊಸ ರಬ್ಬರಿಗೆ ಬದಲಿಸಿದೆ. ಟೈರು, ಬ್ರೇಕಿನ ರಬ್ಬರು, ವೈರಿಂಗ್ ಇವೂ ಹಾಗೆಯೇ. ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಫಿಯಟ್‌ನ ಬ್ರೇಕ್ ಕಿಟ್ ಇನ್ನೂ ಸಿಗುತ್ತದೆ. ಸಿಕ್ಕಿದಾಗಲೇ ಎರಡು ಜೊತೆ ತಂದಿಡುವುದು ಒಳ್ಳೆಯದು. ಬಿಚ್ಚಿದ ಹಳೆಯ ಭಾಗಗಳಿಗೆ ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿ ಇಟ್ಟರೆ ಬೆಲೆಗೆ ಕೊಂಚವೂ ಪೆಟ್ಟು ಬೀಳುವುದಿಲ್ಲ. ನೋಡಲು ಬಂದವರಲ್ಲಿ ಇಬ್ಬರು ಕಾರಿಗಿಂತ ಹೆಚ್ಚು ಹೊತ್ತು ಆ ಪೆಟ್ಟಿಗೆಯ ಮುಂದೆ ಕುಳಿತಿದ್ದರು.

ಪದ್ಮಿನಿ ಕೊನೆಗೆ ಮೈಸೂರಿನ ದಂಪತಿಗೆ ಹೋಯಿತು. ಸಂಗ್ರಹ ಅವರ ಉದ್ದೇಶವಲ್ಲ, ವಾರಕ್ಕೊಮ್ಮೆ ಊರಿಗೆ ಓಡಿಸಲು ಹಳೆಯ ಕಾರು ಬೇಕಿತ್ತು. ಅವರಿಗೆ ನಮ್ಮ ಫಿಯಟ್ ಕೊಳ್ಳಿರೆಂದು ನಾನು ಹೇಳುತ್ತಿರಲಿಲ್ಲ, ಹೇಳಿದ್ದರೆ ತಪ್ಪಾಗುತ್ತಿತ್ತು. ಇಂಥವರು ಧೈರ್ಯವಾಗಿ ಮಾರ್ಪಡಿಸಿದ ಕಾರನ್ನೇ ಕೊಳ್ಳಲಿ, ಎಂಜಿನ್ ಬದಲಾವಣೆ ಆರ್‌ಸಿಯಲ್ಲಿ ನಮೂದಾಗಿದೆಯೇ ಎಂದು ನೋಡಿಕೊಂಡರೆ ಸಾಕು. ಇನ್ನೂ ಕತ್ತರಿ ಬೀಳದ ಫಿಯಟ್ ಮನೆಯಲ್ಲಿರುವವರಿಗೆ ನನ್ನ ಕೋರಿಕೆ ಬೇರೆ: ಡಿಸ್ಕ್ ಬ್ರೇಕಿನ ಆಸೆಗಾಗಿ, ಎ.ಸಿ.ಯ ಆಸೆಗಾಗಿ ಅದನ್ನು ಗ್ಯಾರೇಜಿಗೆ ಒಪ್ಪಿಸಬೇಡಿ. ಆ ಸುಖ ಬೇಕಿದ್ದರೆ ಈಗಾಗಲೇ ಕತ್ತರಿಸಿದ ಪದ್ಮಿನಿಗಳು ಮಾರಾಟಕ್ಕೆ ಸಿಗುತ್ತವೆ, ಬೆಲೆಯೂ ಕಡಿಮೆ.